ಎಡಗಡೆಯ ಎರಡನೇ ಹಲ್ಲು

ಡಾಕ್ಟರಮ್ಮ ಮೇಣದ ಸೆಟ್ಟನ್ನು ಮೇಜಿನ ಮೇಲಿಟ್ಟು, ಬೆರಳ ತುದಿಯಿಂದ ಅವನ ಕಡೆಗೆ ತಳ್ಳಿದರು.

"ಇದು ಮೂರನೇದು."

"ಯಾಕೆ ಮೇಡಂ, ಒತ್ತುತ್ತಂತಾ?"

"ಒತ್ತೋದಿರ್ಲಿ. ಮೊದ್ಲು ನೋಡಿ."

ಅವನು ನೋಡಿದ. ಇಪ್ಪತ್ತಾರು ವರ್ಷಗಳಿಂದ ಹಲ್ಲಿನ ಸೆಟ್ಟು ಕಟ್ಟುತ್ತಿದ್ದವನು. ಬೀದಿಯವರು ಅವನನ್ನು ಹಲ್ಲಪ್ಪ ಎನ್ನುತ್ತಿದ್ದರು, ಕೆಲವರು ಎದುರಿಗೇ. ಊರಿನ ಅರ್ಧದಷ್ಟು ಮುದುಕರು ಅವನು ಕೊಟ್ಟ ಹಲ್ಲಿನಿಂದಲೇ ನಗುತ್ತಿದ್ದರು, ಸೊಸೆಯಂದಿರನ್ನು ಬೈಯುತ್ತಿದ್ದರು. ಆದರೆ ಅವರಲ್ಲಿ ಒಬ್ಬರ ಮುಖವೂ ಅವನಿಗೆ ಗೊತ್ತಿರಲಿಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಿದ್ದರು. ಇವನು ಅದರೊಳಗೆ ಪ್ಲಾಸ್ಟರ್ ಹುಯ್ದು ವಸಡಿನ ಅಚ್ಚು ತೆಗೆದು, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಒಪ್ಪಿಗೆಗೆ ಕಳಿಸುತ್ತಿದ್ದ. ಒಪ್ಪಿದ ಮೇಲೆ ಮೇಣದ ಜಾಗದಲ್ಲಿ ಗುಲಾಬಿ ಬಣ್ಣದ ಗಟ್ಟಿ ವಸಡು. ಜನರನ್ನು ಅವನು ಬಲ್ಲದ್ದು ಪ್ಲಾಸ್ಟರಿನಲ್ಲಿ ಮಾತ್ರ, ಅದೂ ಮೂಗಿನಿಂದ ಕೆಳಗೆ.

ಮೇಲಿನ ಸಾಲು, ಎಡಗಡೆ, ಎರಡನೇ ಹಲ್ಲು. ಬಸ್ಸಿನಲ್ಲಿ ನಿದ್ದೆಹೋದ ಪ್ರಯಾಣಿಕನ ಹಾಗೆ ಅದು ಪಕ್ಕದ ಹಲ್ಲಿನ ಮೇಲೆ ಒರಗಿಕೊಂಡಿತ್ತು.

"ಕೈ ತಪ್ಪಿದೆ ಮೇಡಂ."

"ಕೈ ತಪ್ಪಿದ್ರೆ ಒಂದೊಂದ್ಸಲ ಒಂದೊಂದು ಥರ ತಪ್ಪಬೇಕು. ಒಂದೇ ತಿಂಗಳಲ್ಲಿ ಮೂರು ಸೆಟ್ಟು, ಮೂರರಲ್ಲೂ ಅದೇ ಹಲ್ಲು, ಅದೇ ಓರೆ. ಮೊದಲಿನವರಿಬ್ರೂ ಪಾಪ, ಸುಮ್ನೆ ಹಾಕ್ಕೊಂಡು ಹೋದ್ರು. ಈಯಪ್ಪ ರಿಟೈರಾದ ಜಡ್ಜು. ಕನ್ನಡಿ ನೋಡಿ ಏನಂದ್ರು ಗೊತ್ತಾ? 'ಏನಮ್ಮ, ನಾನೇ ಏನೋ ಕಿತಾಪತಿ ಮಾಡಿ ಸಿಕ್ಕಿಬಿದ್ದ ಹಾಗೆ ಕಾಣ್ತೀನಲ್ಲ' ಅಂದ್ರು."

ಅವನಿಗೆ ನಗು ಬರಬೇಕಿತ್ತು. ಡಾಕ್ಟರಮ್ಮ ಅವನ ಮುಖ ನೋಡಿ ದನಿ ಇಳಿಸಿದರು.

"ಸ್ವಲ್ಪ ದಿನ ರಜಾ ತಗೊಳ್ಳಿ."

"ರಜಾ ತಗೊಂಡು ಏನ್ಮಾಡ್ಲಿ ಮೇಡಂ?"

ಅದಕ್ಕೆ ಅವರ ಬಳಿ ಔಷಧಿ ಇರಲಿಲ್ಲ. ಅವನು ಸೆಟ್ಟನ್ನು ಡಬ್ಬಿಯಲ್ಲಿಟ್ಟು ಹೊರಬಂದ. ಆ ಹಲ್ಲನ್ನು ಹಾಗೆ ನಿಲ್ಲಿಸಿದ್ದು ಅವನಿಗೆ ನೆನಪೇ ಇರಲಿಲ್ಲ. ಆದರೆ ಅದು ಯಾರ ಹಲ್ಲು ಎಂಬುದರಲ್ಲಿ ಅನುಮಾನವಿರಲಿಲ್ಲ. ಹತ್ತೊಂಬತ್ತು ವರ್ಷ ದಿನಾ ಬೆಳಗ್ಗೆ ಅದನ್ನು ಎದುರಿಗೆ ಕಂಡಿದ್ದ. ಅವನ ಹೆಂಡತಿ ನಗುವಾಗ ಎಲ್ಲಕ್ಕಿಂತ ಮೊದಲು ಹೊರಗೆ ಬರುತ್ತಿದ್ದದ್ದು ಅದೇ. "ನೆಟ್ಟಗೆ ಮಾಡಿಸ್ಕೊ, ನನ್ನ ಕಸುಬಿಗೇ ಅವಮಾನ" ಎಂದು ಅವನು ರೇಗಿಸಿದರೆ, "ಇರ್ಲಿ ಬಿಡಿ, ನಿಮ್ಮ ಕೈಗೆ ಸಿಗದ ಹಲ್ಲು ಊರಲ್ಲಿ ಒಂದಾದ್ರೂ ಇರ್ಲಿ" ಎನ್ನುತ್ತಿದ್ದಳು. ಅವಳು ಹೋಗಿ ಎಂಟು ತಿಂಗಳಾಗಿತ್ತು. ಹನ್ನೊಂದು ದಿನದ ಜ್ವರ, ಅಷ್ಟೇ.

ಮನೆ ಮೂರನೇ ಮಹಡಿಯಲ್ಲಿತ್ತು. ಈಚೆಗೆ ಎರಡನೇ ಮಹಡಿಯಲ್ಲಿ ಒಂದು ಸಲ ನಿಲ್ಲುವುದು ಅಭ್ಯಾಸವಾಗಿತ್ತು. ಉಸಿರಿಗಾಗಿ ಅಲ್ಲ, ಮೇಲೆ ಹೋಗಿ ಏನು ಮಾತಾಡುವುದು ಎಂದು ಯೋಚಿಸಲಿಕ್ಕೆ.

ಮೇಲೆ ಇದ್ದವರು ಅವನ ಅತ್ತೆ. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಈ ಒಂಬತ್ತು ವರ್ಷಗಳಲ್ಲಿ ಅತ್ತೆ ಅಳಿಯ ನೇರವಾಗಿ ಆಡಿದ ಮಾತು ಒಂದು ಕಾರ್ಡಿನಲ್ಲಿ ಬರೆದು ಮುಗಿಸುವಷ್ಟು. ಜಗಳವೇನೂ ಇರಲಿಲ್ಲ, ಮರ್ಯಾದೆ. ಅವನು ಎದುರಿಗೇ ಕೂತಿದ್ದರೂ ಅತ್ತೆ ಮಗಳನ್ನು ಕೇಳುತ್ತಿದ್ದರು: "ಅಳಿಯಂದಿರು ಟೀ ಕುಡೀತಾರಾ, ಕೇಳು." ಅವನೂ ಹೆಂಡತಿಗೇ ಹೇಳುತ್ತಿದ್ದ: "ಈಗ ಬೇಡವಂತೆ ಅಂತ ಹೇಳು." ಅವಳು ನಡುವೆ ನಿಂತು, ಎರಡೂ ಕಡೆಯಿಂದ ಸಂಬಳ ಬಾರದ ದುಭಾಷಿಯ ಹಾಗೆ, "ಕೇಳಿಸ್ತಲ್ಲ ಇಬ್ರಿಗೂ" ಎಂದು ನಗುತ್ತಿದ್ದಳು.

ಈಗ ದುಭಾಷಿ ಇಲ್ಲ. ಇಬ್ಬರಿಗೂ ಒಂದೇ ಭಾಷೆ, ಆದರೂ ಮಾತು ಹುಟ್ಟುತ್ತಿರಲಿಲ್ಲ. ಅತ್ತೆ ಅಂದಿನಿಂದ ಹಲ್ಲು ಹಾಕಿಕೊಳ್ಳುವುದನ್ನೂ ಬಿಟ್ಟಿದ್ದರು. ಅವನೇ ಕಟ್ಟಿಕೊಟ್ಟಿದ್ದ ಸೆಟ್ಟು ಅಡುಗೆಮನೆಯ ಗೂಡಿನಲ್ಲಿ ಸ್ಟೀಲಿನ ಲೋಟದೊಳಗೆ ಮುಳುಗಿ ಕೂತಿತ್ತು. ಹಾಲಿನಲ್ಲಿ ಬ್ರೆಡ್ಡು ಅದ್ದಿ ಮೂರು ಹೊತ್ತು ಕಳೆಯುತ್ತಿದ್ದರು. ಅವನು ಎರಡು ದಿನಕ್ಕೊಮ್ಮೆ ಲೋಟದ ನೀರು ಬದಲಾಯಿಸುತ್ತಿದ್ದ. ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿರಲಿಲ್ಲ. ಅತ್ತೆಯ ಬಾಯಿಯ ವಿಷಯ ಅಳಿಯ ಹೇಗೆ ಕೇಳುವುದು?

ಅವತ್ತು ಬಾಗಿಲು ತೆಗೆದವರೇ ಅತ್ತೆ, "ಮಗ ಫೋನ್ ಮಾಡಿದ್ದ," ಎಂದರು. ಹಲ್ಲಿಲ್ಲದ ಬಾಯಲ್ಲಿ ಮಾತು ಮೆತ್ತಗೆ ಬರುತ್ತಿತ್ತು. "ಭಾನುವಾರ ಬರ್ತಾನಂತೆ. ಕರ್ಕೊಂಡು ಹೋಗೋಕೆ."

"ಓ," ಎಂದ ಅವನು.

"ಮಗಳೇ ಇಲ್ಲದ ಮೇಲೆ ಅಲ್ಲೇನು ಕೆಲಸ ಅಂತಾನೆ."

"ಹೌದು," ಎಂದ. ಏನಾದರೂ ಹೇಳಬೇಕಲ್ಲ ಎಂದು ಹೇಳಿದ್ದು. ಬಾಯಿಂದ ಬಿದ್ದ ಮೇಲೆ ಅದರ ಭಾರ ಗೊತ್ತಾಯಿತು. ಅತ್ತೆ ತಲೆ ಆಡಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮಂಚದ ಕೆಳಗಿನಿಂದ ಟ್ರಂಕು ಎಳೆಯುವ ಸದ್ದು ಕೇಳಿಸಿತು.

ಅವನು ಅಡುಗೆಮನೆಯಲ್ಲಿ ನಿಂತೇ ಇದ್ದ. ಅವರು ಹೋದರೆ ಈ ಮನೆಯಲ್ಲಿ ಎರಡು ತಟ್ಟೆಯೂ ಬೇಕಾಗುವುದಿಲ್ಲ. "ಇರಿ" ಎನ್ನಬೇಕು. ಎರಡೇ ಅಕ್ಷರ. ಆದರೆ ಮುದುಕಿಗೆ ಮಗನ ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ, ಬಿಸಿಲು ಬೀಳುವ ಕೋಣೆಯಿದೆ. ಇಲ್ಲೇನಿದೆ? ಒಬ್ಬ ಅಳಿಯ, ಅವನೂ ಪ್ಲಾಸ್ಟರಿನ ಧೂಳು ಹೊತ್ತು ತರುವವನು. ಯಾವ ಬಾಯಲ್ಲಿ ಇರಿ ಎನ್ನುವುದು?

ಕೊನೆಗೆ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ಮರುದಿನ ಬೆಳಗ್ಗೆ ಡಾಕ್ಟರಮ್ಮನ ಹತ್ತಿರ ಹೋಗಿ ಅಳತೆಯ ಪುಡಿ, ಅದನ್ನು ತುಂಬಿ ಬಾಯಿಗೆ ಒತ್ತುವ ತಟ್ಟೆ ಕೇಳಿ ತಂದ. "ಅಳತೆ ತೆಗೆಯೋದು ನನ್ನ ಕೆಲಸ ಕಣ್ರೀ" ಎಂದರು ಅವರು. "ಅವರು ಮೂರು ಮಹಡಿ ಇಳಿಯಲ್ಲ ಮೇಡಂ, ನೀವು ಹತ್ತಲ್ಲ" ಎಂದ. ಅದು ನಿಜವಾದ್ದರಿಂದ ಕೊಟ್ಟರು.

"ಅತ್ತೆ, ಹೊಸ ಸೆಟ್ಟು ಕಟ್ಟಿಕೊಡ್ತೀನಿ. ಹಳೇದು ಸಡಿಲ ಆಗಿರುತ್ತೆ, ವಸಡು ಕರಗಿರುತ್ತೆ."

"ಈಗ್ಯಾಕೆ? ಹೋಗೋಳಿಗೆ."

"ಅಲ್ಲಿ ಹೋಗಿ ನೀವು ಬೋಡು ಬಾಯಲ್ಲಿ ಕೂತ್ರೆ ಜನ ನನ್ನನ್ನ ಏನಂತಾರೆ? ಅಳಿಯ ಊರಿಗೆಲ್ಲ ಹಲ್ಲು ಕಟ್ತಾನೆ, ಅತ್ತೆಗೆ ಮಾತ್ರ ಇಲ್ಲ ಅನ್ನಲ್ವಾ? ನನ್ನ ಮಾನದ ಪ್ರಶ್ನೆ."

ಅತ್ತೆ ಅವನನ್ನು ದಿಟ್ಟಿಸಿದರು. "ನಿಮ್ಮ ಮಾನ ಇಡೋಕೆ ನನ್ನ ಬಾಯೇ ಆಗಬೇಕಿತ್ತಾ?"

ಎಂಟು ತಿಂಗಳಲ್ಲಿ ಅವರಾಡಿದ ಮೊದಲ ತಮಾಷೆ. ಅವರು ಕುರ್ಚಿ ಎಳೆದುಕೊಂಡು ಕೂತರು.

ಇಪ್ಪತ್ತಾರು ವರ್ಷದ ಅನುಭವವೆಲ್ಲ ಆ ಕ್ಷಣದಲ್ಲಿ ಕೈಕೊಟ್ಟಿತು. ಪ್ಲಾಸ್ಟರಿಗೆ ಉಸಿರಿರುವುದಿಲ್ಲ, ಕಣ್ಣಿರುವುದಿಲ್ಲ. ಇಲ್ಲಿ ಸಾಕ್ಷಾತ್ ಅತ್ತೆ ಬಾಯಿ ತೆರೆದು, ಕಣ್ಣನ್ನೂ ತೆರೆದೇ ಕೂತಿದ್ದರು. ಪುಡಿ ಕಲಸಿ, ತಟ್ಟೆಗೆ ತುಂಬಿ, ಮೇಲಿನ ವಸಡಿಗೆ ಒತ್ತಿ ಹಿಡಿದ. "ಮೂರು ನಿಮಿಷ. ಮೂಗಲ್ಲಿ ಉಸಿರಾಡಿ. ಮಾತಾಡಬೇಡಿ."

ಗೋಡೆಯ ಗಡಿಯಾರದ ಸದ್ದು ಅಷ್ಟು ಜೋರಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನ ಎರಡು ಬೆರಳು ಅತ್ತೆಯ ಬಾಯಲ್ಲಿ, ಮುಖಕ್ಕೆ ಮುಖ ಒಂದು ಗೇಣು ದೂರ. ಆ ಮೌನವನ್ನು ತಡೆಯಲಾರದೆ, ಅವರು ಉತ್ತರ ಕೊಡಲಾರರು ಎಂಬ ಧೈರ್ಯದಲ್ಲಿ, ಬಾಯಿಗೆ ಬಂದದ್ದು ಶುರುಮಾಡಿದ.

"ಡಾಕ್ಟರಮ್ಮ ನಿನ್ನೆ ಬೈದ್ರು. ಒಬ್ಬ ಜಡ್ಜಿಗೆ ಹಲ್ಲು ಓರೆ ಇಟ್ಟುಬಿಟ್ಟಿದ್ದೆ. ಅವರಿಗಿಂತ ಮುಂಚೆ ಇನ್ನಿಬ್ರಿಗೆ. ಎಡಗಡೆ ಎರಡನೇದು. ಅವಳದು... ಅವಳ ಹಲ್ಲು ಹಂಗಿತ್ತಲ್ಲ. ನಾನು ಬೇಕಂತ ಇಟ್ಟಿದ್ದಲ್ಲ ಅತ್ತೆ. ಕೈ ತಾನಾಗೇ ಇಡ್ತಾ ಇದೆ. ನಂಗೇನೂ ನೆನಪಿರಲ್ಲ. ಈಗ ಊರಲ್ಲಿ ಇಬ್ರು ಯಾರೋ ಅವಳ ಥರ ನಗ್ತಾ ಓಡಾಡ್ತಿದಾರೆ. ಯಾರು ಅಂತ ಕೇಳೋಣ ಅನ್ನಿಸ್ತು. ಹೋಗಿ ನೋಡ್ಕೊಂಡು ಬರೋಣ ಅನ್ನಿಸ್ತು. ಎಂಥ ಹುಚ್ಚು ನೋಡಿ." ಉಸಿರು ಎಳೆದುಕೊಂಡ. "ನಿನ್ನೆ ನೀವು ಹೋಗ್ತೀನಿ ಅಂದಾಗ ಹೌದು ಅಂದ್ನಲ್ಲ. ಅದು ಹಂಗಲ್ಲ."

ಅತ್ತೆಯ ಗಂಟಲಿನಿಂದ ಏನೋ ಸದ್ದು ಬಂತು. ಕಣ್ಣಲ್ಲಿ ನೀರು ತುಂಬಿತ್ತು.

"ಆಯ್ತು ಆಯ್ತು, ಇನ್ನೊಂದೇ ನಿಮಿಷ."

ಮತ್ತೆ ಸದ್ದು, ಈ ಸಲ ಜೋರಾಗಿ, ಕೈಸನ್ನೆ ಸಹಿತ. ಅವನು ತಟ್ಟೆ ಹಿಡಿದು ಎಳೆದ. ಪಚಕ್ಕೆಂದು ಬಂತು. ಅತ್ತೆ ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಉಸಿರು ಕಟ್ಟಿ ಸಾಯ್ತಿದ್ದೆ," ಎಂದರು. ಅವನಿಗೆ ಮುಖವೆಲ್ಲಿಡಬೇಕೋ ತಿಳಿಯಲಿಲ್ಲ. ಸುಧಾರಿಸಿಕೊಂಡು ಅವರೇ ಮುಂದುವರಿಸಿದರು: "ಅದು ಅವಳದಲ್ಲ. ನಂದು."

"ಯಾವ್ದು?"

"ಆ ಓರೆ. ನನ್ನ ಬಾಯಲ್ಲಿದ್ದದ್ದೇ ಅವಳಿಗೆ ಬಂದಿದ್ದು. ನಿಮ್ಮ ಮದುವೆ ಹೊತ್ತಿಗೆ ನಂದು ಬಿದ್ದುಹೋಗಿತ್ತು, ನೀವು ನೋಡಿಲ್ಲ. ಇಲ್ಲಿಗೆ ಬಂದ ಮೇಲೆ ನೀವು ಕಟ್ಟಿಕೊಟ್ರಲ್ಲ, ಎಲ್ಲ ನೆಟ್ಟಗೆ, ಕವಾಯತಿಗೆ ನಿಂತ ಪೊಲೀಸರ ಹಾಗೆ. ಕನ್ನಡಿ ನೋಡಿ ಅವಳಿಗೆ ಹೇಳ್ದೆ, ಇದು ನನ್ನ ಮುಖ ಅಲ್ಲ ಕಣೆ ಅಂತ. 'ಸುಮ್ನಿರಮ್ಮ, ನಾಲ್ಕು ದಿನ ಕೂತು ಮಾಡಿದಾರೆ, ನೊಂದ್ಕೋತಾರೆ' ಅಂದ್ಲು. ಅವಳ ಮಾತಿಗೆ ಎಂಟು ವರ್ಷ ಹಾಕ್ಕೊಂಡೆ."

ಅವನು ಗೂಡಿನ ಕಡೆ ನೋಡಿದ. ಎಂಟು ತಿಂಗಳಿಂದ ನೀರು ಬದಲಾಯಿಸುತ್ತಿದ್ದ ಲೋಟ.

"ಒಂದು ಮಾತು ನನಗೇ ಹೇಳಬಹುದಿತ್ತಲ್ಲ ಅತ್ತೆ."

"ನಿಮಗೆ ನಾನು ಟೀ ಬೇಕಾ ಅಂತಾನೂ ಕೇಳ್ತಿರಲಿಲ್ಲ," ಎಂದರು ಅತ್ತೆ. "ಹಲ್ಲಿನ ವಿಷಯ ಹೇಳ್ತೀನಾ?"

ನಾಲ್ಕು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ, ಜಡ್ಜರ ಹಲ್ಲನ್ನು ನೆಟ್ಟಗೆ ಮಾಡಿ ಕಳಿಸಿದ್ದು ಬಿಟ್ಟರೆ. ಕೈ ತಾನಾಗಿ ಮೂರು ಸಲ ಮಾಡಿದ್ದನ್ನು ಅತ್ತೆಯ ಸೆಟ್ಟಿನಲ್ಲಿ ಬೇಕೆಂದೇ ಮಾಡಹೊರಟರೆ ಬರಲೊಲ್ಲದು. ಒರಗಿಸಿದರೆ ಜಾಸ್ತಿ, ಎತ್ತಿದರೆ ಕಮ್ಮಿ. ಸಂಜೆ ಮೇಣದ ಸೆಟ್ಟು ಮನೆಗೆ ತರುತ್ತಿದ್ದ. ಅತ್ತೆ ಕನ್ನಡಿ ಹಿಡಿದು, "ಇನ್ನೊಂಚೂರು ಒಳಗೆ," "ಛೆ, ಇದು ನಮ್ಮತ್ತೆ ಹಲ್ಲಿನ ಥರ ಆಯ್ತು," ಎಂದು ತಿದ್ದುತ್ತಿದ್ದರು. ಡಾಕ್ಟರಮ್ಮನಿಗಿಂತ ಕಷ್ಟದ ಗಿರಾಕಿ. ಇಬ್ಬರಿಗೂ ಸುಸ್ತಾಗುತ್ತಿತ್ತು, ಸುಸ್ತಾದ ಮೇಲೆ ಟೀ ಕುಡಿಯುತ್ತಿದ್ದರು. ಯಾರು ಯಾರನ್ನು ಕೇಳಿದರೋ, ಟೀ ಬರುತ್ತಿತ್ತು. ಟ್ರಂಕು ಮಾತ್ರ ಬಾಗಿಲ ಪಕ್ಕದಲ್ಲೇ ಇತ್ತು. ಇಬ್ಬರೂ ಅದನ್ನು ಸುತ್ತಿಕೊಂಡು ಓಡಾಡುತ್ತಿದ್ದರು.

ಶನಿವಾರ ಮಧ್ಯಾಹ್ನ ಗಟ್ಟಿ ಸೆಟ್ಟು ಬಾಯಿಗೆ ಹೋಯಿತು. ಅತ್ತೆ ಕನ್ನಡಿಯಲ್ಲಿ ನೋಡಿಕೊಂಡು ತುಟಿ ಸರಿಸಿದರು. ಅವನು ಕಿಟಕಿಯ ಕಡೆ ತಿರುಗಿದ. ಕಾಣಬೇಕೆಂದು ನಾಲ್ಕು ದಿನ ಒದ್ದಾಡಿದ್ದು ಕಂಡಾಗ ನೋಡಲಾಗಲಿಲ್ಲ. ಅತ್ತೆಯೂ ಕನ್ನಡಿಯನ್ನು ಬೋರಲು ಹಾಕಿದರು.

ಭಾನುವಾರ ಹನ್ನೊಂದಕ್ಕೆ ಭಾವಮೈದ ಬಂದ. ಒಳ್ಳೆಯ ಮನುಷ್ಯ, ಅವಸರದವನು. ಮೂರು ಮಹಡಿ ಹತ್ತಿ ಬಂದು ಟ್ರಂಕಿಗೆ ಕೈ ಹಾಕಿದವನು ತಾಯಿಯ ಮುಖ ನೋಡಿ ಅಲ್ಲೇ ನಿಂತ.

"ಅಮ್ಮ! ಅಕ್ಕನ ಥರ..."

"ಅಕ್ಕ ನನ್ನ ಥರ," ಎಂದರು ಅತ್ತೆ. "ಟ್ರಂಕು ಬಿಡು. ನಾನೀಗ ಬರಲ್ಲ ಕಣೋ. ಹಲ್ಲು ಹೊಸದು, ಇನ್ನೂ ಕೂತಿಲ್ಲ, ಒತ್ತುತ್ತೆ. ಒತ್ತಿದಾಗೆಲ್ಲ ಉಜ್ಜಿ ಕೊಡೋರು ಪಕ್ಕದಲ್ಲಿರಬೇಕು."

"ಎಷ್ಟು ದಿನ ಭಾವ, ಅದು ಕೂರೋಕೆ?"

ಇಬ್ಬರೂ ಅವನನ್ನೇ ನೋಡಿದರು. ಕಸುಬಿನ ಪ್ರಕಾರ ಉತ್ತರ ಎರಡು ವಾರ, ಹೆಚ್ಚೆಂದರೆ ಮೂರು. ಇಪ್ಪತ್ತಾರು ವರ್ಷದಲ್ಲಿ ಯಾವ ಕೆಲಸಕ್ಕೂ ಡಾಕ್ಟರಿಗೆ ಅವನು ಒಂದು ದಿನ ಹೆಚ್ಚು ಹೇಳಿದವನಲ್ಲ.

"ಹೇಳೋಕಾಗಲ್ಲ," ಎಂದ. "ವರ್ಷಗಟ್ಟಲೆ ಹಿಡಿಯೋದೂ ಉಂಟು. ಇಲ್ಲೇ ಇದ್ರೆ ಒಳ್ಳೇದು. ಇರ್ಲಿ. ಇಲ್ಲೇ ಇರ್ಲಿ."

ಒಂದು ಸಲ ಸಾಕಾಗಿತ್ತು. ಎರಡು ಸಲ ಹೇಳಿದ್ದು ಭಾವಮೈದನಿಗೂ ಕೇಳಿಸಿತು. ಅವನು ಇಬ್ಬರನ್ನೂ ನೋಡಿ, ಟ್ರಂಕನ್ನು ಕಾಲಿನಿಂದ ಮೆಲ್ಲಗೆ ಒಳಗೆ ಸರಿಸಿದ. ಊಟ ಮಾಡಿ, ಮುಂದಿನ ತಿಂಗಳು ಮಕ್ಕಳನ್ನು ಕರೆತರುತ್ತೇನೆ ಎಂದು ಹೊರಟ.

ಬಾಗಿಲು ಮುಚ್ಚಿದ ಮೇಲೆ ಇಬ್ಬರೂ ಕುರ್ಚಿಗಳಲ್ಲಿ ಕುಸಿದರು. ಮೂಟೆ ಹೊತ್ತವರ ಆಯಾಸ. ಅತ್ತೆ ಸೆಟ್ಟು ತೆಗೆದು ಅಂಗೈಯಲ್ಲಿಟ್ಟು ಅವನ ಮುಂದೆ ಚಾಚಿದರು.

"ಇಲ್ಲಿ. ಬಲಗಡೆ ಹಿಂದೆ."

"ಅವನು ಹೋದ್ನಲ್ಲ ಅತ್ತೆ. ಇನ್ನೂ ಯಾಕೆ?"

"ಇನ್ನೂ ಯಾಕೆ ಅಂದ್ರೆ? ನಿಜವಾಗ್ಲೂ ಒತ್ತುತ್ತೆ, ಬೆಳಗ್ಗೆಯಿಂದ. ನಾನ್ಯಾಕೆ ಸುಳ್ಳು ಹೇಳ್ಲಿ? ವರ್ಷಗಟ್ಟಲೆ ಅಂತ ಸುಳ್ಳು ಹೇಳಿದ್ದು ನೀವು."

ಅವನು ಬಾಯಿ ತೋರಿಸಿ ಎಂದ. ಕಿಟಕಿಯ ಬೆಳಕಿಗೆ ಅತ್ತೆ ಬಾಯಿ ತೆರೆದರು. ಬಲಗಡೆ ವಸಡಿನಲ್ಲಿ ಸಾಸಿವೆಯಷ್ಟು ಕೆಂಪು ಗುರುತು ಇತ್ತು. ಅವನು ಎದ್ದು ಹೋಗಿ ಸೆಟ್ಟು ಉಜ್ಜುವ ಅರ ತಂದ.