ಆಮೇಲೆ ಮೇಡಂ

ಯಾರು ಏನೇ ಹೇಳಲಿ, ಪೂರ್ತಿ ಕೇಳಿಸಿಕೊಂಡು, ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಆಮೇಲೆ?’ ತರಗತಿಗೆ ಮೊದಲಿಗಳಾದವಳು ತನ್ನ ಅಂಕಗಳನ್ನು ಒಪ್ಪಿಸಿದರೂ ‘ಆಮೇಲೆ?’, ಗಣಿತದಲ್ಲಿ ಮುಗ್ಗರಿಸಿದವನು ತಲೆತಗ್ಗಿಸಿ ನಿಂತರೂ ‘ಆಮೇಲೆ?’ ಒಬ್ಬಳಿಗೆ ಅದು ಜಂಬ ಇಳಿಸುವ ಮಾತು, ಇನ್ನೊಬ್ಬನಿಗೆ ಬಾಗಿಲು ಇನ್ನೂ ಮುಚ್ಚಿಲ್ಲವೆಂಬ ಭರವಸೆ. ಶಾಲೆಯ ಕೊನೆಯ ವರ್ಷದ ಮಕ್ಕಳಿಗೆ ಕಾಲೇಜು ಸೇರುವ ದಾರಿ ತೋರಿಸುವುದು ಅವರ ಕೆಲಸ. ಕೋಣೆಯ ಹೊರಗೆ ‘ಪ್ರವೇಶ ಸಲಹೆಗಾರರು’ ಎಂಬ ಫಲಕವೇನೋ ಇತ್ತು, ಓದಿದವರು ಕಡಿಮೆ. ಮಕ್ಕಳಿಗೆ, ಮೇಷ್ಟರುಗಳಿಗೆ, ಬೆನ್ನ ಹಿಂದೆ ಪ್ರಾಂಶುಪಾಲರಿಗೂ ಅವರು ‘ಆಮೇಲೆ ಮೇಡಂ’.

ಗಿಡ್ಡ ಆಳು. ಎದುರುಗಾಳಿಯನ್ನು ಸೀಳಿಕೊಂಡು ಹೊರಟವರಂತೆ ಮುಂದಕ್ಕೆ ಬಾಗಿದ ನಡಿಗೆ. ಮೈಮೇಲೆ ಸರ್ವಋತುಗಳಲ್ಲೂ ಒಂದು ಬೂದುಬಣ್ಣದ ಉಣ್ಣೆಯ ಕೋಟು. ಅದರ ಜೇಬುಗಳಲ್ಲಿ ಮೊಂಡು ಪೆನ್ಸಿಲ್ಲುಗಳು, ತಲೆನೋವಿನ ಮಾತ್ರೆ, ಅಳುವವರಿಗೆಂದು ಮಡಚಿಟ್ಟ ಕರವಸ್ತ್ರ. ಅರ್ಜಿಯ ಕಾಲ ಬಂತೆಂದರೆ ಆ ಕೋಣೆಯಲ್ಲಿ ಮಕ್ಕಳಿಗಿಂತ ಅವರ ಅಪ್ಪಂದಿರೇ ಹೆಚ್ಚು ಅಳುತ್ತಾರೆಂಬುದು ಅವರ ಅನುಭವದ ಮಾತು. ಹಿಂದೆ ಆಟದ ಸಾಮಾನು ತುಂಬಿಡುತ್ತಿದ್ದ ಆ ಕೋಣೆಯಲ್ಲಿ ರಬ್ಬರ್ ಚೆಂಡಿನ ವಾಸನೆ ಇನ್ನೂ ಬಿಟ್ಟುಹೋಗಿರಲಿಲ್ಲ. ಮೇಜಿನೆದುರಿನ ಕುರ್ಚಿ ವಿದ್ಯಾರ್ಥಿಗೆ. ಹೆತ್ತವರಿಗೆ ಗೋಡೆಯ ಬದಿಯ ಬೆಂಚು. ಈ ವ್ಯವಸ್ಥೆಯನ್ನು ಯಾರೂ, ಎಂಥ ದೊಡ್ಡ ಮನುಷ್ಯರೂ, ಮೀರುವಂತಿರಲಿಲ್ಲ. ಒಮ್ಮೆ ಒಬ್ಬ ವಕೀಲರು ಮಗನನ್ನು ಬೆಂಚಿಗೆ ಅಟ್ಟಿ ತಾವೇ ಕುರ್ಚಿಯಲ್ಲಿ ಕುಳಿತು, ‘ನಾವು ಈ ಸಲ ಕಾನೂನಿಗೇ ಅಪ್ಲೈ ಮಾಡ್ತಿದ್ದೀವಿ’ ಎಂದರು. ‘ಬಹಳ ಸಂತೋಷ. ನಿಮ್ಮ ಅಂಕಪಟ್ಟಿ ಕೊಡಿ, ನೋಡೋಣ’ ಎಂದು ಮೇಡಂ ನಗದೆ ಕೈಚಾಚಿದರು. ವಕೀಲರು ಎದ್ದು ಬೆಂಚಿಗೆ ಹೋದರು.

ಕಾಲೇಜುಗಳ ಬಣ್ಣಬಣ್ಣದ ಪುಸ್ತಿಕೆಗಳನ್ನು ಅವರು ನಂಬುತ್ತಿರಲಿಲ್ಲ. ರಜೆ ಬಂತೆಂದರೆ ಬಸ್ಸು ಹತ್ತಿ, ಯಾರಿಗೂ ತಿಳಿಸದೆ, ಯಾರದೋ ಚಿಕ್ಕಮ್ಮನಂತೆ ಕಾಲೇಜಿನೊಳಗೆ ಅಡ್ಡಾಡಿ ಬರುತ್ತಿದ್ದರು. ಗ್ರಂಥಾಲಯದ ಕುರ್ಚಿಗಳ ತೋಳು ಸವೆದಿದೆಯೇ, ಪ್ರಯೋಗಾಲಯದ ಯಂತ್ರಗಳ ಮೇಲೆ ಹೊದಿಸಿದ ಬಟ್ಟೆಗೆ ಧೂಳು ಕೂತಿದೆಯೇ, ಹುಡುಗಿಯರ ಶೌಚಾಲಯದ ಚಿಲಕ ಸರಿಯಾಗಿ ಬೀಳುತ್ತದೆಯೇ ಎಂದು ನೋಡಿಕೊಂಡು ಬರುವುದು ಅವರ ತೀರ್ಥಯಾತ್ರೆ. ಒಂದು ಪ್ರಸಿದ್ಧ ಸಂಸ್ಥೆಯ ಬಗ್ಗೆ ಅವರ ಅಭಿಪ್ರಾಯ ಕೇಳಿದಾಗ, ‘ಕಟ್ಟಡ ಚೆನ್ನಾಗಿದೆ. ಒಳಗೆ ಯಾರೂ ಜಗಳ ಆಡ್ತಿರಲಿಲ್ಲ. ಮಕ್ಕಳು ಓದ್ತಿದ್ರೆ ಒಂದಿಷ್ಟಾದ್ರೂ ವಾದ ಕೇಳಿಸ್ಬೇಕಲ್ವಾ?’ ಎಂದಿದ್ದರು.

ಇಂಥವರ ಮೇಜಿನೆದುರು ಒಂದು ವರ್ಷ ಡ್ರೈವಿಂಗ್ ಕಲಿಸುವ ಮೇಷ್ಟರೊಬ್ಬರ ಮಗಳು ಬಂದು ಕುಳಿತಳು. ಮೇಷ್ಟರು ಬೆಂಚಿನಲ್ಲಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕುಳಿತು ಆಯುಷ್ಯವನ್ನೆಲ್ಲ ಕಳೆದ ಆ ಮನುಷ್ಯನಿಗೆ ಆತಂಕವಾದಾಗಲೆಲ್ಲ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು, ಅಲ್ಲೊಂದು ಬ್ರೇಕು ಇದೆಯೆಂಬಂತೆ. ಹುಡುಗಿಗೆ ಸಿವಿಲ್ ಎಂಜಿನಿಯರಿಂಗ್ ಓದುವಾಸೆ. ಅಂಕಗಳು ಒಳ್ಳೆಯವೇ; ಕಣ್ಣಿದ್ದದ್ದು ಒಂದು ದೊಡ್ಡ ಕಾಲೇಜಿನ ಮೇಲೆ. ಅರ್ಜಿಯ ಜೊತೆ ತನ್ನ ಬಗ್ಗೆ ತಾನೇ ಒಂದು ಪ್ರಬಂಧ ಬರೆದು ಕಳಿಸಬೇಕಿತ್ತು, ಅದೂ ಸಿದ್ಧವಾಗಿತ್ತು. ಮೇಡಂ ಓದಿದರು. ಮೊದಲ ಸಾಲೇ ಹೀಗಿತ್ತು: ‘ನನ್ನ ತಾಯಿ ಕಣ್ಣು ಮುಚ್ಚಿದ ದಿನವೇ ನನ್ನ ಕನಸುಗಳು ಕಣ್ತೆರೆದವು.’

‘ಆಮೇಲೆ?’ ಎಂದರು ಮೇಡಂ.

ಹುಡುಗಿ ಅಪ್ಪನ ಕಡೆ ನೋಡಿದಳು. ಮೇಡಂ ಮೇಷ್ಟರ ಕಡೆ ತಿರುಗಿ, ಸ್ವಲ್ಪ ಹೊರಗೆ ಕೂತಿರಿ ಎಂದು ಸನ್ನೆ ಮಾಡಿದರು. ಬಾಗಿಲು ಮುಚ್ಚಿದ ಮೇಲೆ ಕೇಳಿದರು: ‘ಇದನ್ನ ಬರೆದವರು ಯಾರು?’

‘ಚಿಕ್ಕಪ್ಪ. ಅವರು ಜಾಹೀರಾತು ಬರೀತಾರೆ. ಅಮ್ಮನ ವಿಷಯ ಹಾಕಿದ್ರೆ ಓದಿದೋರ ಮನಸ್ಸು ಕರಗುತ್ತೆ ಅಂದ್ರು.’

‘ಇದರಲ್ಲಿರೋದು ನಿಜಾನಾ?’

ಹುಡುಗಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು. ‘ಅಮ್ಮ ಹೋದ ದಿನ ನಂಗೆ ಯಾವ ಕನಸೂ ಬರ್ಲಿಲ್ಲ ಮೇಡಂ. ಹೊಟ್ಟೆ ಹಸೀತಿತ್ತು. ಇಂಥಾ ಹೊತ್ತಲ್ಲಿ ಹಸಿವಾಗುತ್ತಲ್ಲಾ ಅಂತ ನಾಚಿಕೆ ಆಗ್ತಿತ್ತು.’

ಎಷ್ಟೋ ವರ್ಷಗಳಿಂದ ಎಷ್ಟೋ ಪ್ರಬಂಧಗಳನ್ನು ಓದಿದ್ದ ಮೇಡಂಗೆ ತಟ್ಟನೆ ತಿಳಿಯಿತು, ಯಾವ ಪ್ರವೇಶ ಸಮಿತಿಯನ್ನೂ ಗೆಲ್ಲಬಲ್ಲ ಸಾಲೊಂದು ಈಗ ತಮ್ಮ ಕಿವಿಯ ಮೇಲೆ ಬಿದ್ದಿದೆ ಎಂದು. ಅದನ್ನೇ ಬರಿ ಎಂದುಬಿಡುವ ಆಸೆ ನಾಲಿಗೆಯ ತುದಿಗೂ ಬಂತು. ನುಂಗಿಕೊಂಡರು. ‘ಅದು ನಿನ್ನ ಹತ್ರಾನೇ ಇರ್ಲಿ, ಪುಟ್ಟಿ. ಸೀಟು ಕೊಡೋರಿಗೆ ಅದನ್ನ ಕೊಡಬೇಕಾಗಿಲ್ಲ. ಈಗ ಹೇಳು, ಯಾರೂ ಹೇಳದೇ ಇದ್ರೂ ನೀನಾಗಿಯೇ ಮಾಡೋ ಕೆಲಸ ಯಾವುದು?’

ಹುಡುಗಿ ಅನುಮಾನಿಸುತ್ತಲೇ ಹೇಳಿದಳು. ಅವರ ಬೀದಿಯ ತಿರುವಿನಲ್ಲಿ ಮಳೆ ಬಂದಾಗಲೆಲ್ಲ ಮೊಣಕಾಲುದ್ದ ನೀರು ನಿಲ್ಲುತ್ತದೆ. ಪಕ್ಕದಲ್ಲೇ ಚರಂಡಿ ಇದೆ, ಆದರೂ ನಿಲ್ಲುತ್ತದೆ. ಅಪ್ಪನ ಹತ್ತಿರ ಕಲಿಯುವವರ ಕಾರುಗಳು ಅಲ್ಲೇ ಕೆಟ್ಟು ನಿಲ್ಲುತ್ತವೆ. ಯಾಕೆಂದು ನೋಡಲು ಅವಳು ನೀರು ತುಂಬಿದ ಪಾರದರ್ಶಕ ಕೊಳವೆ ಹಿಡಿದು ಬೀದಿಯುದ್ದಕ್ಕೂ ಮಟ್ಟ ಅಳೆದಿದ್ದಳು. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ಇಳಿಜಾರೇ ತಿರುಗಿಬಿಟ್ಟಿತ್ತು; ಚರಂಡಿಯ ಬಾಯಿ ಈಗ ನೀರಿಗಿಂತ ಎತ್ತರದಲ್ಲಿತ್ತು. ಹೇಳುತ್ತ ಹೇಳುತ್ತ ಹುಡುಗಿ ಕುರ್ಚಿಯ ತುದಿಗೆ ಬಂದಿದ್ದಳು. ಕೈಗಳು ಗಾಳಿಯಲ್ಲಿ ರಸ್ತೆ ಹಾಕುತ್ತಿದ್ದವು. ಮೇಡಂ ‘ಆಮೇಲೆ?’ ‘ಆಮೇಲೆ?’ ಎನ್ನುತ್ತಲೇ ಹೋದರು.

‘ಇದನ್ನ ಬರಿ’ ಎಂದರು ಕೊನೆಗೆ.

ಮರುದಿನ ಮೇಷ್ಟರು ಒಬ್ಬರೇ ಬಂದರು. ಕೋಪವನ್ನು ಮರ್ಯಾದೆಯಲ್ಲಿ ಸುತ್ತಿ ತಂದಿದ್ದರು. ‘ಮೇಡಂ, ಊರವರೆಲ್ಲ ಇಲ್ಲದ ಕಷ್ಟ ಹುಟ್ಟಿಸಿ ಬರೀತಾರೆ. ನಮ್ಮದು ಇರೋ ಕಷ್ಟ. ಅದನ್ನ ಬಿಟ್ಟು ಚರಂಡಿ ಬಗ್ಗೆ ಬರೆದ್ರೆ ಯಾರ್ರೀ ಸೀಟು ಕೊಡ್ತಾರೆ?’

‘ಕೊಡದೇನೂ ಇರಬಹುದು.’

‘ಕೊಡ್ಲಿಲ್ಲ ಅಂದ್ರೆ? ಜವಾಬ್ದಾರಿ ನೀವು ತಗೋತೀರಾ?’

‘ತಗೋತೀನಿ’ ಎಂದರು ಮೇಡಂ. ಅಂದ ಮೇಲೆ ತಮ್ಮನ್ನೇ ಕೇಳಿಕೊಂಡರು: ಇನ್ನೊಬ್ಬರ ಮಗಳ ಭವಿಷ್ಯದ ಮೇಲೆ ಹೀಗೆ ಹಟ ಹಿಡಿಯಲು ತಾನು ಯಾರು? ಆ ಮಧ್ಯಾಹ್ನ ಪ್ರಾಂಶುಪಾಲರೂ ಕರೆದು, ‘ಆ ದೊಡ್ಡ ಕಾಲೇಜಿಗೆ ನಮ್ಮ ಶಾಲೆಯಿಂದ ಈ ವರ್ಷ ಹೋಗಬಲ್ಲೋಳು ಅವಳೊಬ್ಬಳೇ. ನಿಮ್ಮ ಆದರ್ಶ ಮುಂದಿನ ವರ್ಷ ಇಟ್ಕೊಳ್ಳಿ’ ಎಂದು ನಯವಾಗಿಯೇ ಗದರಿದರು.

ಮೇಡಂ ತಂದೆ ಮಗಳಿಬ್ಬರನ್ನೂ ಕರೆಸಿದರು. ‘ಎರಡು ಪ್ರಬಂಧಾನೂ ಗಟ್ಟಿಯಾಗಿ ಓದಮ್ಮ. ಅಪ್ಪನೇ ಆರಿಸಲಿ.’ ಹುಡುಗಿ ಚಿಕ್ಕಪ್ಪನ ಪ್ರಬಂಧ ಕೈಗೆತ್ತಿಕೊಂಡಳು. ‘ನನ್ನ ತಾಯಿ’ ಎಂಬಲ್ಲಿಗೆ ಧ್ವನಿ ನಿಂತಿತು. ಮತ್ತೆ ಮೊದಲಿಂದ ಶುರುಮಾಡಿದಳು, ಅಲ್ಲಿಗೇ ನಿಂತಿತು. ಮೇಷ್ಟರು ಗೋಡೆ ನೋಡುತ್ತ, ‘ಸಾಕು, ಬಿಡವ್ವ’ ಎಂದರು. ಅವಳು ತನ್ನದನ್ನು ತೆಗೆದಳು. ಅರ್ಧ ಪುಟ ಮುಗಿದಿರಲಿಲ್ಲ, ಬೆಂಚಿನಿಂದ ಮಾತು ಬಂತು: ‘ಅಲ್ಲ, ನೀರು ನಿಲ್ಲೋದು ಎಡಗಡೆ ಅಲ್ವಲ್ಲ. ಬಲಗಡೆ.’

‘ಅಪ್ಪಾ, ನೀವು ಕಾರೊಳಗಿಂದ ನೋಡ್ತೀರ. ನಾನು ಅಳೆದಿದ್ದೀನಿ.’

‘ನಾನು ದಿನಾ ಅಲ್ಲೇ ಸಾಯ್ತೀನಿ ಕಣೇ! ನಂಗೆ ಹೇಳ್ತೀಯಾ?’

‘ಮೊದಲು ಎಡಗಡೆ ನಿಂತು, ಆಮೇಲೆ ಬಲಕ್ಕೆ ಹರಿಯೋದು. ಕೇಳಿ ಪೂರ್ತಿ!’

ವಾದ ಬಿಸಿಯೇರಿತು. ಮೇಜಿನ ಮೇಲಿದ್ದ ಒರೆಸುವ ರಬ್ಬರು ಚರಂಡಿಯಾಯಿತು, ಮೇಡಂನ ಪೆನ್ಸಿಲ್ಲುಗಳು ರಸ್ತೆಯಾದವು. ಮಗಳು ತೋರಿಸಿದ್ದನ್ನು ನೋಡಿ ಮೇಷ್ಟರು ಕೊನೆಗೆ, ‘ಹೂಂ. ಇದ್ರೂ ಇರಬಹುದು’ ಎಂದರು. ಆ ಮನೆಯಲ್ಲಿ ಸೋಲೊಪ್ಪುವ ಕ್ರಮ ಅದೇ ಇರಬೇಕು. ಮೇಡಂ ಗಮನಿಸಿದರು: ಅಷ್ಟು ಹೊತ್ತೂ ಅವರ ಬಲಗಾಲು ನೆಲವನ್ನು ಒತ್ತಿರಲಿಲ್ಲ.

ಚರಂಡಿಯ ಪ್ರಬಂಧವೇ ಹೋಯಿತು. ದೊಡ್ಡ ಕಾಲೇಜು ಇಲ್ಲವೆಂದಿತು. ಸುದ್ದಿ ಬಂದ ದಿನ ಮೇಷ್ಟರು ಬರುವುದನ್ನು ಕಿಟಕಿಯಿಂದಲೇ ಕಂಡ ಮೇಡಂ ಎದ್ದುನಿಂತು ಕಾದರು. ‘ಮಾತು ಕೊಟ್ಟವಳು ನಾನು. ಬೈಯಿರಿ’ ಎಂದರು. ಮೇಷ್ಟರು ಬೆಂಚಿನ ಮೇಲೆ ಕುಳಿತು, ‘ಬೈಯೋಣ ಅಂತಲೇ ಬಂದೆ’ ಎಂದರು. ‘ಆದ್ರೆ ಮಗಳು ಅಳ್ತಾ ಇಲ್ಲ ಮೇಡಂ. ಇನ್ನೊಂದು ಕಾಲೇಜಿನ ಸಂದರ್ಶನಕ್ಕೆ ನಕ್ಷೆ ತಿದ್ದುತಾ ಕೂತಿದ್ದಾಳೆ. ಅವಳೇ ಅಳದೆ ಇರುವಾಗ ನಾನು ಯಾವ ಮುಖದಲ್ಲಿ ಬೈಯ್ಲಿ?’

ಆ ಇನ್ನೊಂದು ಕಾಲೇಜನ್ನು ಸೂಚಿಸಿದ್ದವರೂ ಮೇಡಂ. ಹೆಸರುವಾಸಿಯಲ್ಲ, ಆದರೆ ಅವರು ಅಡ್ಡಾಡಿ ಬಂದಿದ್ದ ದಿನ, ನೀರಿನ ಹರಿವನ್ನು ಅಭ್ಯಾಸ ಮಾಡುವ ಅದರ ಪ್ರಯೋಗಾಲಯದ ನೆಲ ಒದ್ದೆಯಾಗಿತ್ತು, ಇಬ್ಬರು ಹುಡುಗಿಯರು ಪ್ಯಾಂಟು ಮಡಚಿಕೊಂಡು ಕೂಗಾಡುತ್ತಿದ್ದರು. ಸಂದರ್ಶನದಲ್ಲಿ ಮೂವರು ಪ್ರಾಧ್ಯಾಪಕರು ಪ್ರಬಂಧದ ಒಂದು ಸಾಲು ಹಿಡಿದು ಆರಂಭಿಸಿದವರು ಬೇರೆ ಪ್ರಶ್ನೆಗೆ ಹೋಗಲೇ ಇಲ್ಲ. ಹುಡುಗಿಯನ್ನು ಹಲಗೆಗೆ ಎಬ್ಬಿಸಿದರು. ಒಬ್ಬರು ತಪ್ಪೆಂದರು, ಇನ್ನೊಬ್ಬರು ಸರಿಯೆಂದರು, ಹೊರಗೆ ಕಾಯುತ್ತಿದ್ದ ಮೇಷ್ಟರಿಗೆ ಒಳಗಿನ ಗದ್ದಲ ಕೇಳಿ ಗಾಬರಿಯಾಯಿತು. ಅವಳು ಮೊಣಕೈವರೆಗೂ ಸೀಮೆಸುಣ್ಣ ಮೆತ್ತಿಕೊಂಡು, ಮುಖ ಕೆಂಪಾಗಿಸಿಕೊಂಡು ಹೊರಬಂದಳು. ವಾರ ಕಳೆಯುವುದರೊಳಗೆ ಸೀಟು ಸಿಕ್ಕಿತು.

ಸಿಹಿಯನ್ನೋ ಹೂವನ್ನೋ ಮೇಷ್ಟರು ತರಲಿಲ್ಲ. ಈಗಲೂ ಆ ಬೀದಿಯ ತಿರುವಿಗೆ ಬಂದಾಗ ಪಕ್ಕದಲ್ಲಿ ಸ್ಟೀರಿಂಗ್ ಹಿಡಿದವರು ಯಾರೇ ಆಗಿರಲಿ, ಕಾರು ನಿಲ್ಲಿಸಲು ಹೇಳುತ್ತಾರಂತೆ: ‘ಇಲ್ಲಿ ನೀರು ಯಾಕೆ ನಿಲ್ಲುತ್ತೆ ಗೊತ್ತಾ? ಗೇರು ಆಮೇಲೆ ಕಲಿಯೋರಂತೆ, ಮೊದಲು ಇದನ್ನ ಕೇಳಿ.’ ಹಾಗೆ ಕೇಳಿಸಿಕೊಂಡ ಶಿಷ್ಯೆಯೊಬ್ಬಳಿಂದ ಈ ಸಂಗತಿ ಮೇಡಂ ಕಿವಿಗೆ ಬಿದ್ದ ದಿನ, ಪ್ರಾಂಶುಪಾಲರ ಕೋಣೆಯ ಮುಂದೆ ಅವರು ನಡೆದುಹೋದ ಠೀವಿಯನ್ನು ಕಂಡವರು ಹೇಳುತ್ತಾರೆ, ಬೆನ್ನು ಅಷ್ಟು ನೆಟ್ಟಗಾದದ್ದನ್ನು ತಾವು ಹಿಂದೆಂದೂ ನೋಡಿರಲಿಲ್ಲವೆಂದು.

ಪರರ ಮಕ್ಕಳನ್ನು ಹೊಸ್ತಿಲು ದಾಟಿಸಿ ತಾವು ಈಚೆಯೇ ಉಳಿಯುವವರ ಹೆಮ್ಮೆಯ ಜಾತಿಯೇ ಬೇರೆ. ಹೆತ್ತವರಿಗಿರುವ ರಕ್ತದ ಹಕ್ಕು ಅವರಿಗಿಲ್ಲ, ಪಾಠ ಹೇಳಿದವರಿಗಿರುವ ಗುರುದಕ್ಷಿಣೆಯ ಹಕ್ಕೂ ಇಲ್ಲ. ಮಗು ತನ್ನ ದನಿಯಲ್ಲಿ ಮಾತಾಡಿದ ಆ ಮೊದಲ ಗಳಿಗೆಗೆ ಸಾಕ್ಷಿಯಾಗಿದ್ದೆವೆಂಬ ಸಂತೋಷವಷ್ಟೇ ಅವರ ಪಾಲಿಗೆ ಬರುವುದು. ಮಕ್ಕಳು ಅವರನ್ನು ಬೇಗನೆ ಮರೆಯುತ್ತಾರೆ, ಮರೆಯಬೇಕಾದದ್ದೇ. ತನ್ನ ಬಲದಿಂದಲೇ ಇಲ್ಲಿಗೆ ಬಂದೆನೆಂದು ಒಬ್ಬಳು ನಂಬುವಂತೆ ಕೈಹಿಡಿದು ನಡೆಸುವುದಕ್ಕಿಂತ ದೊಡ್ಡ ಕಸುಬು, ಹುಡುಕಿದರೂ, ಹೆಚ್ಚು ಸಿಗಲಾರದು.