ಹ್ಯಾಂಡ್‌ಬ್ರೇಕಿನ ವೈರು

ಕೊಪ್ಪದ ಗ್ಯಾರೇಜಿನ ಮುಂದೆ ಪಿಕಪ್ ನಿಲ್ಲಿಸಿ ರೇಖಾ ಬಾಗಿಲು ಬಡಿದ ಸದ್ದಿಗೆ, ಒಳಗೆ ಚಹಾ ಕುಡಿಯುತ್ತಿದ್ದ ಎಲೆಕ್ಟ್ರಿಷಿಯನ್ ನಿತೀಶ್ ಲೋಟ ಕೆಳಗಿಟ್ಟು ಎದ್ದೇ ನಿಂತ.

"ಬಾ ಇಲ್ಲಿ," ಅಂದಳು. "ಸ್ಟೀರಿಂಗ್ ಕೆಳಗೆ ತಲೆ ಹಾಕಿ ನೋಡು. ಈ ಕರಿ ಟೇಪು ಯಾರು ಸುತ್ತಿದ್ದು?"

ಅವಳಿಗೆ ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. ಕಡಹಿನಬೈಲಿನ ರೇಖಾ ಮತ್ತು ಅವಳ ಗಂಡ ಯೋಗೇಂದ್ರ ಪಿಕಪ್ಪಿನಲ್ಲಿ ಪಂಪ್ ಕೂರಿಸಿಕೊಂಡು ತೋಟ ತೋಟಕ್ಕೆ ಹೋಗಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದುಕೊಡುವವರು. ಗಾಡಿ ಓಡಿಸುವುದು ಅವಳು, ಪೈಪು ಹಿಡಿಯುವುದು ಅವನು. ಪಂಪ್ ತಿರುಗುವುದು ಗಾಡಿಯ ಎಂಜಿನ್ನಿನಿಂದಲೇ. ಔಷಧಿ ಮರದ ತಲೆ ಮುಟ್ಟಬೇಕಾದರೆ ನಿಂತ ಗಾಡಿಯ ಎಂಜಿನ್ ಸ್ವಲ್ಪ ರೇಸಿನಲ್ಲೇ ಓಡುತ್ತಿರಬೇಕು. ಮೊದಲು ಅದಕ್ಕೆ ಆಕ್ಸಿಲರೇಟರ್ ಮೇಲೆ ಒಂದು ಕಲ್ಲು ಇಡುತ್ತಿದ್ದರು. ನಮ್ಮ ಕಡೆ ಯಾವುದಕ್ಕೆ ಕಲ್ಲಿಲ್ಲ ಹೇಳಿ? ಬಾಗಿಲಿಗೆ ಕಲ್ಲು, ಚಕ್ರಕ್ಕೆ ಕಲ್ಲು, ಕೊನೆಗೆ ಆಕ್ಸಿಲರೇಟರಿಗೂ ಕಲ್ಲು.

ಆ ಕಲ್ಲಿನ ಕಾಟ ತಪ್ಪಲೆಂದೇ ಹೋದ ವರ್ಷ ನಿತೀಶನ ಹತ್ತಿರ ಐಡಲ್ ಕಂಟ್ರೋಲರ್ ಹಾಕಿಸಿದ್ದಳು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಬಟನ್ ಒತ್ತಿದರೆ ರೇಸ್ ತಾನಾಗಿ ಏರಿ ಏರಿದಲ್ಲೇ ನಿಲ್ಲುತ್ತಿತ್ತು. ಅದಕ್ಕೆ ಒಂದೇ ಒಂದು ಶಿಸ್ತು: ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಮಾತ್ರ ಏರುವುದು, ಹ್ಯಾಂಡ್‌ಬ್ರೇಕ್ ಇಳಿಸಿದ ಕೂಡಲೇ ತಾನೂ ಇಳಿಯುವುದು. ರೇಖಾ ಆ ಶಿಸ್ತನ್ನು ನಂಬಿದಳು. ನಂಬಿದ್ದೇ ಮುಳುವಾಯಿತು.

ಬಾಳೆಹೊನ್ನೂರಿನ ಹತ್ತಿರದ ಒಂದು ತೋಟದಲ್ಲಿ, ಇಳಿಜಾರಿನಲ್ಲಿ, ಗಾಡಿಯನ್ನು ಸ್ವಲ್ಪ ಮುಂದೆ ತರಬೇಕಿತ್ತು. ಅವಳು ಕ್ಲಚ್ಚು ಬ್ರೇಕು ಎರಡನ್ನೂ ಒತ್ತಿ, ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿದಳು. ಯೋಗೇಂದ್ರ ಬಗ್ಗಿ ಮುಂದಿನ ಚಕ್ರದ ಕಲ್ಲು ಎಳೆದು, "ಬಿಡು ಬಿಡು," ಎಂದು ಕೂಗಿದ. ಪಂಪಿನ ಗಲಾಟೆಯಲ್ಲಿ ಎಂಜಿನ್ ಇನ್ನೂ ರೇಸಿನಲ್ಲೇ ಇದೆಯೆಂದು ಅವಳಿಗೆ ಗೊತ್ತಾಗಲಿಲ್ಲ. ಕ್ಲಚ್ ಬಿಟ್ಟದ್ದೇ ತಡ, ಮೆಲ್ಲಗೆ ಹೊರಡಬೇಕಾದ ಗಾಡಿ ಎಗರಿ ಮುಂದೆ ನುಗ್ಗಿತು. ಅವನು ಕಾಲು ತೆಗೆಯುವಷ್ಟರಲ್ಲಿ ಚಕ್ರ ಪಾದದ ಮೇಲೆ ಹತ್ತಿ ಇಳಿದಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಊರ ಬಾಯಿ. ಬಸ್‌ಸ್ಟಾಪಿನ ಚಹಾದಂಗಡಿಯಲ್ಲಿ, "ಹೆಂಗಸಿನ ಕೈಗೆ ಸ್ಟೀರಿಂಗ್ ಕೊಟ್ರೆ ಇನ್ನೆಂತ ಆಗ್ತದೆ ಮಾರಾಯ, ಗಂಡನ ಮೇಲೇ ಹತ್ತಿಸಿದ್ಲು," ಅನ್ನುವವರು ಕೆಲವರು, ಹಲ್ಲು ಬಿಡುವವರು ಹಲವರು. ಗಂಡನ ಅಣ್ಣ ಕೃಷ್ಣಪ್ಪ ಮನೆಗೆ ಬಂದು ತೀರ್ಮಾನ ಹೇಳಿಯೇ ಬಿಟ್ಟ: ಸೋಮವಾರದಿಂದ ಗಾಡಿಗೆ ಬೇರೆ ಡ್ರೈವರ್, ರೇಖಾ ಔಷಧಿಯ ಡ್ರಮ್ಮಿನ ಹತ್ತಿರ ಕೂತು ಸುಣ್ಣ, ಮೈಲುತುತ್ತ ಕಲಸಿಕೊಂಡಿರಲಿ. ತಾನೇ ಕಲಿತು, ತಾನೇ ಲೈಸೆನ್ಸ್ ಮಾಡಿಸಿ, ಮಲೆನಾಡಿನ ಒಂದು ತಿರುವಿಗೂ ಹೆದರದೆ ಓಡಿಸಿದ ಗಾಡಿಯ ಕೀಲಿಯನ್ನು ಅವಳು ಭಾನುವಾರ ಸಂಜೆ ಭಾವನ ಕೈಗೆ ಒಪ್ಪಿಸಬೇಕು. ಅದೂ ತುಟಿಪಿಟಕ್ಕೆನ್ನದೆ.

ಅವಳೂ ತನ್ನದೇ ತಪ್ಪು ಎಂದುಕೊಂಡಿದ್ದಳು. ಪ್ಲಾಸ್ಟರ್ ಹಾಕಿದ ಕಾಲು ಹಿಡಿದು ಅತ್ತಿದ್ದಳು. ಯೋಗೇಂದ್ರ, "ಇರ್ಲಿ ಬಿಡೇ, ಬೇಕು ಅಂತ ಮಾಡಿದ್ದಲ್ಲ ಅಲ್ದಾ," ಎಂದು ದೊಡ್ಡ ಮನಸ್ಸು ಮಾಡಿ ತಲೆ ಸವರಿದ್ದ.

ಆದರೆ ಭಾನುವಾರ ಬೆಳಿಗ್ಗೆ, ಕೀಲಿ ಕೊಡುವ ಮುಂಚೆ ಒಂದು ಸಲ ಅಂತ ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡಿ ಬಟನ್ ಒತ್ತಿದಳು. ರೇಸ್ ಏರಿತು. ಹ್ಯಾಂಡ್‌ಬ್ರೇಕ್ ಇಳಿಸಿದಳು. ರೇಸ್ ಇಳಿಯಲಿಲ್ಲ. ಮತ್ತೆ ಎಳೆದು ಇಳಿಸಿದಳು. ಊಹೂಂ. ಬಗ್ಗಿ ನೋಡಿದರೆ, ಹಳೆಯ ವೈರುಗಳ ನಡುವೆ ಹೊಸ ಟೇಪು ಮಿರಿಮಿರಿ ಮಿಂಚುತ್ತಿತ್ತು. ಅವಳು ಉಟ್ಟ ಬಟ್ಟೆಯಲ್ಲೇ ಕೊಪ್ಪಕ್ಕೆ ಹೊರಟುಬಂದಿದ್ದಳು.

ನಿತೀಶ್ ತಲೆ ಒಳಗೆ ಹಾಕಿ, ಹೊರಗೆ ತೆಗೆದು, ಅಂಗಿಗೆ ಕೈ ಒರೆಸಿಕೊಂಡ.

"ಹ್ಯಾಂಡ್‌ಬ್ರೇಕ್ ಸ್ವಿಚ್ಚಿಗೆ ಹೋಗೋ ವೈರು ಕಟ್ ಮಾಡಿ ಗಾಡಿ ಕಬ್ಬಿಣಕ್ಕೇ ಅರ್ತ್ ಕೊಟ್ಟಿದೆ ಅಕ್ಕ. ಹಂಗೆ ಮಾಡಿದ್ರೆ, ಹ್ಯಾಂಡ್‌ಬ್ರೇಕ್ ಯಾವಾಗ್ಲೂ ಎಳೆದೇ ಇದೆ ಅಂತ ಡಬ್ಬಿ ತಿಳ್ಕೊಳ್ತದೆ."

"ಅದು ನಂಗೂ ಗೊತ್ತಾಯ್ತು. ಯಾರು ಮಾಡಿದ್ದು ಅಂತ ಕೇಳಿದ್ದು."

"ನಾನೇ. ಆದ್ರೆ ನನ್ನ ಬೈಬೇಡಿ. ನಿಮ್ಮನೆಯವರ ಕಾಲಿಗೆ ಪೆಟ್ಟಾಗೋ ಹಿಂದಿನ ದಿನ ನೀವು ತವರಿಗೆ ಹೋಗಿದ್ರಲ್ಲ, ಆವಾಗ ಅವರೇ ಗಾಡಿ ಓಡಿಸ್ಕೊಂಡು ಬಂದು ಮಾಡಿಸ್ಕೊಂಡು ಹೋಗಿದ್ದು. ಅವರಿಗೆ ಹ್ಯಾಂಡ್‌ಬ್ರೇಕ್ ಎಳೆದು ಅಭ್ಯಾಸ ಇಲ್ಲ, ಬರೀ ಕಲ್ಲು ಕೊಟ್ಟು ನಿಲ್ಸೋದು. ತೋಟದಲ್ಲಿ ಬಟನ್ ಒತ್ತಿದ್ರೆ ರೇಸ್ ಏರ್ಲಿಲ್ಲವಂತೆ, ಕೆಲಸದವ್ರೆಲ್ಲ ನಕ್ಕರಂತೆ. 'ಈ ಹ್ಯಾಂಡ್‌ಬ್ರೇಕಿನ ರಗಳೆನೇ ಬೇಡ, ತೆಗೆದು ಬಿಸಾಕು, ನಮಗೆ ಕಲ್ಲು ಇದ್ಯಲ್ಲ' ಅಂದ್ರು."

ರೇಖಾಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಅಯ್ಯೋ, ತಲೆ ಸವರಿದನಲ್ಲ! ಮಾಡಿದ್ದು ತಾನು, ಕ್ಷಮಿಸಿದ್ದೂ ತಾನೇ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದಳು. ಎತ್ತೇ ನಿಂತು ಬರೆ ಹಾಕಿಸುವುದನ್ನು ಕಂಡದ್ದು ಇದೇ ಮೊದಲು.

"ಅವರು ಹೇಳಿದ್ರು, ನೀನು ಮಾಡ್ದೆ," ಎಂದು ಮೊದಲು ನಿತೀಶನ ಮೇಲೆ ಹರಿಹಾಯ್ದಳು. "ಬಾವಿಕಟ್ಟೆ ಒಡಿ ಅಂದ್ರೆ ಅದನ್ನೂ ಒಡೀತೀಯಾ? ಗಾಡಿ ಓಡಿಸೋದು ನಾನು ಅಂತ ನಿಂಗೆ ಗೊತ್ತಿತ್ತು. ಒಂದು ಫೋನ್ ಮಾಡ್ಲಿಕ್ಕೆ ಎಂತ ಧಾಡಿ?"

ನಿತೀಶ್ ಮತ್ತೆ ಸ್ಟೀರಿಂಗ್ ಕೆಳಗೆ ತಲೆ ಹಾಕಿದ. ಟೇಪು ಬಿಚ್ಚಿದ, ತುಂಡಾದ ವೈರನ್ನು ಮತ್ತೆ ಸ್ವಿಚ್ಚಿನವರೆಗೆ ಎಳೆದು ಬೆಸುಗೆ ಹಾಕಿದ. ಅವಳು ಎದುರೇ ನಿಂತು ಹ್ಯಾಂಡ್‌ಬ್ರೇಕ್ ಎಳೆದು ಇಳಿಸಿ ಪರೀಕ್ಷೆ ಮಾಡಿಸಿದ ಮೇಲೇ ಅಲ್ಲಿಂದ ಹೊರಟಳು. ದಾರಿಯುದ್ದಕ್ಕೂ ಅಳು ಬರುತ್ತಿತ್ತು, ಅತ್ತರೆ ಸಿಟ್ಟು ಇಳಿದುಹೋಗುತ್ತದೆಂದು ನುಂಗಿಕೊಂಡಳು.

ಮನೆ ಮುಟ್ಟುವಾಗ ಕೃಷ್ಣಪ್ಪ ಆಗಲೇ ಬಂದು ಕೂತಿದ್ದ. ಪಕ್ಕದಲ್ಲಿ ಯೋಗೇಂದ್ರ, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು.

"ಎಲ್ಲಿ ಹೋಗಿದ್ಯೇ? ಕೀಲಿ ಕೊಡು," ಎಂದ ಕೃಷ್ಣಪ್ಪ.

"ಕೊಡ್ತೀನಿ ಭಾವ." ಅವಳು ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿಟ್ಟಳು. "ಮೊದ್ಲು ನೀವೇ ಹತ್ತಿ ಸ್ಟಾರ್ಟ್ ಮಾಡಿ. ಆ ಬಟನ್ ಒತ್ತಿ."

ಕೃಷ್ಣಪ್ಪ ಗೊಣಗುತ್ತಲೇ ಹತ್ತಿದ. ಒತ್ತಿದ. ಎಂಜಿನ್ ಇದ್ದ ಹಾಗೇ ಗುರುಗುಟ್ಟುತ್ತಿತ್ತು.

"ಇದೆಂಥದು, ಕೆಟ್ಟೋಗಿದ್ಯಲ್ಲ."

"ಕೆಟ್ಟಿಲ್ಲ, ಇವತ್ತು ಸರಿಯಾಗಿದೆ. ರೇಸ್ ಏರ್ಬೇಕಾದ್ರೆ ಎಂತ ಮಾಡ್ಬೇಕು ಅಂತ ನಿಮ್ಮ ತಮ್ಮನ್ನ ಕೇಳಿ."

ಯೋಗೇಂದ್ರ ಪ್ಲಾಸ್ಟರ್ ನೋಡಿದ, ಅಂಗಳ ನೋಡಿದ, ಹೆಂಡತಿಯ ಮುಖ ಮಾತ್ರ ನೋಡಲಿಲ್ಲ. ಕೊನೆಗೆ ಸಣ್ಣ ದನಿಯಲ್ಲಿ, "ಹ್ಯಾಂಡ್‌ಬ್ರೇಕ್ ಎಳಿ ಅಣ್ಣ," ಎಂದ.

ಎಳೆದ ಕೂಡಲೇ ರೇಸ್ ಏರಿತು.

"ಈಗ ಇಳಿಸಿ," ಅಂದಳು ರೇಖಾ. ಇಳಿಸಿದ ಕೂಡಲೇ ರೇಸೂ ಇಳಿಯಿತು. "ಅವತ್ತು ಹಿಂಗೆ ಇಳೀಲಿಲ್ಲ ಭಾವ. ಯಾಕೆ ಇಳೀಲಿಲ್ಲ ಅಂತಾನೂ ಅವರನ್ನೇ ಕೇಳಿ."

"ನಾನೇ ವೈರು ಕಟ್ ಮಾಡ್ಸಿದ್ದೆ," ಎಂದ ಯೋಗೇಂದ್ರ. "ನಿನಗೆ ಹೇಳೋಣ ಅಂತ್ಲೇ ಇದ್ದೆ ಮಾರಾಯ್ತಿ."

"ಯಾವಾಗ? ನಾನು ಕೀಲಿ ಕೊಟ್ಟ ಮೇಲಾ? ನಿಮ್ಮ ಕಾಲು ಹಿಡಿದು ಅತ್ತೆನಲ್ಲ, ಆವಾಗ ಬಾಯಲ್ಲಿ ಎಂತ ಇತ್ತು, ಕಡುಬಾ? ತಪ್ಪು ಮಾಡಿದ್ರಿ, ಅದು ಹಾಳಾಗ್ಲಿ. ನನ್ನ ತಲೆ ಸವರಿದ್ರಲ್ಲ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ."

ಕೃಷ್ಣಪ್ಪ ಎಂಜಿನ್ ಆಫ್ ಮಾಡಿ ಕೆಳಗಿಳಿದ. ಕೀಲಿಯನ್ನು ಅವಳ ಕೈಗೇ ವಾಪಸ್ಸಿಟ್ಟ. "ಆಯ್ತು ಬಿಡು ರೇಖಾ. ಮನೆ ಮಾತು, ಮನೇಲೇ ಮುಗೀಲಿ."

"ಮನೇಲಿ ಶುರುವಾಗಿದ್ರೆ ಮನೇಲೇ ಮುಗೀತಿತ್ತು ಭಾವ. ನನ್ನ ಆಡ್ಕೊಂಡಿದ್ದು ಚಹಾದಂಗಡೀಲಿ." ಅವಳು ಗಂಡನ ಕಡೆ ತಿರುಗಿ ಪಿಕಪ್ಪಿನ ಎಡಗಡೆಯ ಬಾಗಿಲು ತೆರೆದು ಹಿಡಿದಳು. "ಹತ್ತಿ. ಅಲ್ಲೇ ಬಂದು ಹೇಳಿ."

"ಈ ಕಾಲಲ್ಲಿ ನಾನು ಹೆಂಗೆ ಬರ್ಲಿ?" ಎಂದ ಯೋಗೇಂದ್ರ.

"ಬಾಯಿ ಇದ್ಯಲ್ಲ, ಅದನ್ನ ತಗೊಂಡು ಬನ್ನಿ, ಸಾಕು. ಗಾಡಿ ನಾನು ಓಡಿಸ್ತೀನಿ."

ಅಣ್ಣನ ಹೆಗಲು ಹಿಡಿದು, ಕುಂಟಿಕೊಂಡು, ಅವನು ಹತ್ತಿ ಕೂತ. ರೇಖಾ ಹ್ಯಾಂಡ್‌ಬ್ರೇಕ್ ಎಳೆದು, ಕೆಳಗಿಳಿದು ಚಕ್ರದ ಕಲ್ಲನ್ನು ತಾನೇ ತೆಗೆದು ಬದಿಗಿಟ್ಟಳು. ಮತ್ತೆ ಹತ್ತಿ, ಸ್ಟಾರ್ಟ್ ಮಾಡಿ, ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ ಕ್ಲಚ್ ಬಿಟ್ಟಳು. ಗಾಡಿ ಅಂದು ಹೊರಡಬೇಕಾಗಿದ್ದ ಹಾಗೆಯೇ ಮೆಲ್ಲಗೆ ಹೊರಟಿತು.