ಲೋಟವಿಲ್ಲದ ನೀರು

ಲೋಟದ ಸಾಹೇಬರಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಆ ಮನರಂಜನಾ ಪಾರ್ಕಿನ ತಿಂಡಿ ಅಂಗಡಿಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಬೆಳಿಗ್ಗೆ ಕಾಗದದ ಲೋಟಗಳನ್ನು ಎಣಿಸಿ ಕೊಡುವರು, ಸಂಜೆ ಉಳಿದದ್ದನ್ನು ಎಣಿಸಿ ತೆಗೆದುಕೊಳ್ಳುವರು. ಒಂದು ಲೋಟ ಕಡಿಮೆ ಬಿದ್ದರೆ ಒಂದು ಜ್ಯೂಸಿನ ದುಡ್ಡು ಸಂಬಳದಲ್ಲಿ ಖೋತಾ. "ಒಳಗೆ ಏನು ಸುರಿದ್ರೋ ನನಗೆ ಬೇಡ. ಲೋಟದ ಲೆಕ್ಕ ಸರಿ ಇರಬೇಕು, ಅಷ್ಟೇ" ಎಂಬುದು ಅವರ ಬೆಳಗಿನ ಪಾಠ.

ಜ್ಯೂಸ್ ಕೌಂಟರಿನ ಜ್ಯೂಸಕ್ಕ ಆ ಪಾಠವನ್ನು ಹೆಚ್ಚುಕಡಿಮೆ ಆರು ತಿಂಗಳಿಂದ ಕೇಳುತ್ತಿದ್ದಳು. ಇನ್ನೊಂದು ದಿನ ಕಳೆದರೆ ಆರು ತಿಂಗಳು ಭರ್ತಿ, ಕೆಲಸ ಕಾಯಂ. ಪಕ್ಕದಲ್ಲಿ ಪಾಪ್‌ಕಾರ್ನ್ ತುಂಬುವ ನಾದಿನಿಗೂ ಅಷ್ಟೇ. ಇಬ್ಬರೂ ಒಂದೇ ದಿನ ಸೇರಿದವರು. ಜ್ಯೂಸಕ್ಕನ ಗಂಡ ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಮನೆ ನಡೆಯುತ್ತಿದ್ದದ್ದೇ ಇವರಿಬ್ಬರ ಸಂಬಳದಲ್ಲಿ. "ಅತ್ತಿಗೆ, ಇವತ್ತೊಂದು ದಿನ ಬಾಯಿ ಮುಚ್ಕೊಂಡಿರಿ, ನಿಮ್ಮ ದಮ್ಮಯ್ಯ" ಎಂದು ನಾದಿನಿ ಬೆಳಿಗ್ಗೆ ಬಸ್ಸಿನಲ್ಲೇ ಗೋಗರೆದಿದ್ದಳು.

ಬಾಯಿಯನ್ನೇನೋ ಮುಚ್ಚಿಕೊಳ್ಳಬಹುದು, ಕಣ್ಣನ್ನು ಹೇಗೆ ಮುಚ್ಚುವುದು? ಗೇಟಿನ ಕಾವಲುಗಾರರು, ಜನ ಮನೆಯಿಂದ ತಂದ ನೀರಿನ ಬಾಟಲಿಗಳನ್ನು ಕಿತ್ತುಕೊಂಡು ಡ್ರಮ್ಮಿಗೆ ಎಸೆಯುತ್ತಿದ್ದರು. ಒಳಗಿದ್ದ ಒಂದೇ ಒಂದು ಕುಡಿಯುವ ನೀರಿನ ನಲ್ಲಿಗೆ 'ದುರಸ್ತಿಯಲ್ಲಿದೆ' ಎಂಬ ಚೀಟಿ ಅಂಟಿಸಿದ್ದರು. ಚೀಟಿ ಹರಿದಾಗಲೆಲ್ಲ ಹೊಸ ಚೀಟಿ ಬಂತು, ದುರಸ್ತಿಯವನು ಮಾತ್ರ ಬರಲಿಲ್ಲ. ಇನ್ನು ಅಂಗಡಿಯ ಒಂದು ಬಾಟಲಿ ನೀರಿನ ಬೆಲೆಗೆ ಹೊರಗೆ ಇಬ್ಬರು ಹೊಟ್ಟೆ ತುಂಬ ಉಣ್ಣಬಹುದಿತ್ತು. ಹಗಲುದರೋಡೆ ಎನ್ನದೆ ಇದಕ್ಕೆ ಇನ್ನೇನೆನ್ನಬೇಕು?

ಅವತ್ತು ಮಧ್ಯಾಹ್ನ ಬಿಸಿಲು ನೆತ್ತಿ ಸುಡುತ್ತಿದ್ದಾಗ ಒಬ್ಬ ಅಜ್ಜ ಮೊಮ್ಮಗಳ ಕೈ ಹಿಡಿದುಕೊಂಡು ಕೌಂಟರಿಗೆ ಬಂದ. ಮಗು ಆಗಷ್ಟೇ ತಿರುಗುವ ದೊಡ್ಡ ತೊಟ್ಟಿಲಿನ ಆಟದಿಂದ ಇಳಿದು ಬಂದಿತ್ತು. ಮುಖ ಬಾಡಿ ತುಟಿ ಒಣಗಿತ್ತು. ಅಜ್ಜ ಬೆಲೆಪಟ್ಟಿ ನೋಡಿದ, ಜೇಬು ತಡಕಿದ, ಮತ್ತೆ ಬೆಲೆಪಟ್ಟಿ ನೋಡಿದ.

"ನಮ್ಮ ಬಾಟಲಿ ಗೇಟಲ್ಲೇ ಕಿತ್ಕೊಂಡ್ರಮ್ಮ. ಮಗು ತಲೆ ಸುತ್ತುತ್ತೆ ಅಂತಿದೆ. ಅರ್ಧ ಲೋಟ ನೀರು ಕೊಡ್ತೀಯಾ?"

ಜ್ಯೂಸಕ್ಕನ ಬೆನ್ನ ಹಿಂದೆಯೇ ಫಿಲ್ಟರಿನ ನಲ್ಲಿ ಇತ್ತು. ಅವಳು ಮಾರುತ್ತಿದ್ದ ಜ್ಯೂಸಿನಲ್ಲಿ ಮುಕ್ಕಾಲು ಪಾಲು ಆ ನಲ್ಲಿಯ ನೀರೇ, ಉಳಿದದ್ದು ಬಣ್ಣದ ಪಾಕ. ಅವಳ ಕೈ ಲೋಟದ ಕಡೆ ಹೋಯಿತು.

"ಅತ್ತಿಗೆ, ಲೋಟ ಮುಟ್ಟಬೇಡಿ!" ನಾದಿನಿ ಪಿಸುಗುಟ್ಟಿದಳು.

"ಮುಟ್ಟಲ್ಲ ಬಿಡೇ" ಎಂದು ಜ್ಯೂಸಕ್ಕ ಜಗ್ ತುಂಬಿಸಿಕೊಂಡು ಕೌಂಟರಿನ ಮೇಲೆ ಬಾಗಿದಳು. "ಪುಟ್ಟೀ, ಬೊಗಸೆ ಹಿಡಿ ನೋಡೋಣ."

ಮಗು ಗಟಗಟ ಕುಡಿಯಿತು. ಅರ್ಧ ನೀರು ಮೊಣಕೈಯಿಂದ ಇಳಿದು ಫ್ರಾಕು ತೊಯ್ದರೂ "ಇನ್ನೂ" ಎಂದಿತು. ಆಮೇಲೆ ಅಜ್ಜನೂ ಕುಡಿದ. ಅಲ್ಲೇ ಬೆಂಚಿನ ಮೇಲೆ ಕೂತಿದ್ದ ತಾಯಿಯೊಬ್ಬಳು ಎರಡು ಮಕ್ಕಳನ್ನು ಎಳೆದುಕೊಂಡು ಬಂದಳು. ಸುದ್ದಿ ಹರಡಲು ಎಷ್ಟು ಹೊತ್ತು? ಗಳಿಗೆಯಲ್ಲಿ ಬೊಗಸೆಗಳ ಸಾಲು ಜಾರುಬಂಡೆಯ ತನಕ ಬೆಳೆಯಿತು. ಜ್ಯೂಸನ್ನು ಕೇಳುವವರೇ ಇಲ್ಲ.

ಸಾಹೇಬರು ಓಡೋಡಿ ಬಂದರು. "ಏನಿದು?"

"ನೀರು ಸಾರ್."

"ಯಾರನ್ನ ಕೇಳಿ ಕೊಟ್ಟೆ?"

"ಲೋಟ ಎಣಿಸಿ ಸಾರ್. ಒಂದು ಕಡಿಮೆ ಇದ್ರೂ ಕೇಳಿ."

ಅಭ್ಯಾಸಬಲ ಎನ್ನಿ, ಅವರು ಎಣಿಸಿಯೇಬಿಟ್ಟರು. ನಂಬಿಕೆಯಾಗದೆ ಎರಡನೇ ಸಲ ಎಣಿಸಿದರು. ಒಂದೂ ಕಡಿಮೆಯಿಲ್ಲ. "ಇನ್ನೊಂದ್ಸಲ ಎಣಿಸಿ ಸ್ವಾಮೀ, ನಮಗೇನೂ ಅರ್ಜೆಂಟಿಲ್ಲ" ಎಂದು ಸಾಲಿನಿಂದ ಯಾರೋ ಕೂಗಿದರು. ಜನ ಗೊಳ್ಳೆಂದು ನಕ್ಕರು. ಸಾಹೇಬರ ಮುಖ ಕೆಂಪಾಯಿತು.

"ಪಾರ್ಕಿನ ಟೋಪಿ ಬಿಚ್ಚಿಟ್ಟು ಹೊರಡು. ನಾಳೆಯಿಂದ ಬರಬೇಡ." ಆಮೇಲೆ ನಾದಿನಿಯ ಕಡೆ ತಿರುಗಿ, "ಇನ್ಮೇಲೆ ಜ್ಯೂಸ್ ನೀನು ನೋಡ್ಕೋ. ಲೋಟ ಕೊಳ್ಳದವರಿಗೆ ಒಂದು ಹನಿ ಹೋದ್ರೂ ನಿನಗೂ ಇದೇ ಗತಿ" ಎಂದರು.

ಜ್ಯೂಸಕ್ಕನಿಗೆ ಮನೆ ಬಾಡಿಗೆ ನೆನಪಾಯಿತು, ಕೆಲಸ ಹುಡುಕಿ ಹುಡುಕಿ ಸೋತ ಗಂಡನ ಮುಖ ನೆನಪಾಯಿತು. ಹೆದರಿಕೆ ಆಗಲಿಲ್ಲವೆಂದರೆ ಸುಳ್ಳು. ಆದರೆ ಹೆದರಿಕೆಗಿಂತ ಸಿಟ್ಟು ಒಂದು ಕೈ ಮೇಲಿತ್ತು. ಟೋಪಿ ಬಿಚ್ಚಿಟ್ಟು ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಬಂದಳು. ಗೇಟಿನ ಕಡೆ ಹೋಗಲಿಲ್ಲ, ನೇರ ಸಾಲಿಗೆ ಹೋದಳು. ಅಜ್ಜ ತೋಳು ಚಾಚಿ ಜನರನ್ನು ಸರಿಸಿ ಅವಳನ್ನು ಮುಂದೆ ಬಿಟ್ಟ.

ಆರು ತಿಂಗಳು ನಿಂತು ದುಡಿದ ಕೌಂಟರನ್ನು ಅವಳು ಮೊದಲ ಸಲ ಗಿರಾಕಿಯ ಕಡೆಯಿಂದ ನೋಡಿದಳು. ಇಷ್ಟು ಎತ್ತರವೆಂದು ಗೊತ್ತೇ ಇರಲಿಲ್ಲ. ಎರಡೂ ಕೈ ಜೋಡಿಸಿ ಬೊಗಸೆ ಮೇಲೆತ್ತಿದಳು.

"ಬಾಯಾರಿದೆ ಕಣೇ. ಆಗಲ್ಲ ಅಂದ್ರೆ ಆಗಲ್ಲ ಅನ್ನು, ನಾನು ಬೇಜಾರು ಮಾಡ್ಕೊಳ್ಳಲ್ಲ."

ನಾದಿನಿ ಜಗ್ ಹಿಡಿದುಕೊಂಡು ಸಾಹೇಬರ ಕಡೆ ನೋಡಿದಳು. ಸಾಹೇಬರು ಮಾರುದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನಾದಿನಿ ಜಗ್ಗನ್ನು ಕೆಳಗಿಟ್ಟಳು. ಜ್ಯೂಸಕ್ಕ ಬೊಗಸೆ ಇಳಿಸುವುದರಲ್ಲಿದ್ದಳು.

ಅಷ್ಟರಲ್ಲಿ ನಾದಿನಿ ತನ್ನ ಟೋಪಿ ಬಿಚ್ಚಿ, ಅದನ್ನು ಅತ್ತಿಗೆಯ ಟೋಪಿಯ ಪಕ್ಕ ಇಟ್ಟು, ಜಗ್ಗನ್ನು ಎರಡೂ ಕೈಯಲ್ಲಿ ಎತ್ತಿದಳು.

"ಬೆರಳು ಬಿಗಿಯಾಗಿ ಸೇರಿಸಿ ಅತ್ತಿಗೆ, ಸೋರುತ್ತೆ" ಎಂದು ಸುರಿದಳು.